ಮಗಳು ಕೇಳಿದ ಟಿಸಿ

ಆಸ್ಪತ್ರೆಯ ಕಚೇರಿಯವರು ಕೆಲಸಗಾರರಿಗೆ ಇಂಗ್ಲಿಷ್ ಪಾಠ ಶುರುಮಾಡಿದ್ದು ಒಬ್ಬ ಅಟೆಂಡರನ ದೆಸೆಯಿಂದ. ಶನಿವಾರ ಎಂಟಕ್ಕೆ ಓಟಿ ಎಂದು ಅವನ ಮೊಬೈಲಿಗೆ ಸಂದೇಶ ಹೋಗಿತ್ತು. ಓವರ್‌ಟೈಮ್ ಕೆಲಸಕ್ಕೆ ಬಾ ಎಂದು ಅದರ ಅರ್ಥ. ಆದರೆ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ ಓಟಿ ಎಂದರೆ ಆಪರೇಷನ್ ಥಿಯೇಟರ್. ಹಿಂದಿನ ವಾರವಷ್ಟೇ ಸಿಬ್ಬಂದಿಗೆಲ್ಲ ರಕ್ತಪರೀಕ್ಷೆ ಆಗಿತ್ತು. ತನಗೇನೋ ದೊಡ್ಡ ಕಾಯಿಲೆಯೇ ಬಂದಿದೆ ಎಂದುಕೊಂಡ ಆ ಮನುಷ್ಯ ಖಾಲಿ ಹೊಟ್ಟೆಯಲ್ಲಿ, ಹೆಂಡತಿಯನ್ನೂ ಕರೆದುಕೊಂಡು ಬಂದು ಥಿಯೇಟರಿನ ಬಾಗಿಲಲ್ಲಿ ಕೂತುಬಿಟ್ಟಿದ್ದ.

ಆ ಸಂದೇಶ ಟೈಪು ಮಾಡಿದ್ದ ಗುಮಾಸ್ತೆ ಹುಡುಗಿಯ ತಲೆಗೇ ಪಾಠದ ಹೊಣೆ ಬಿತ್ತು. ವಾರಕ್ಕೆರಡು ಸಲ, ಬೆಳಗಿನ ಪಾಳಿ ಮುಗಿದ ಮೇಲೆ, ಕ್ಯಾಂಟೀನಿನ ಮೇಲಿನ ಕೋಣೆಯಲ್ಲಿ ಹದಿನಾಲ್ಕು ಜನ ಸೇರುತ್ತಿದ್ದರು. ಎಲ್ಲರೂ ಅವಳಿಗಿಂತ ದೊಡ್ಡವರು. ಆದರೂ ಬಾಯ್ತುಂಬ ಟೀಚರ್ ಎನ್ನುತ್ತಿದ್ದರು. ಮೊಬೈಲಿಗೆ ಬರುವ ತುಂಡು ಅಕ್ಷರಗಳನ್ನು ಅವಳು ಒಂದೊಂದಾಗಿ ಬೋರ್ಡಿನ ಮೇಲೆ ಬರೆದು ಬಿಡಿಸಿ ಹೇಳುತ್ತಿದ್ದಳು.

ಮುಂದಿನ ಬೆಂಚಿನಲ್ಲಿ ಲಾಂಡ್ರಿಯ ಇಸ್ತ್ರಿ ಅಕ್ಕ ಕೂರುತ್ತಿದ್ದಳು. ದಿನಕ್ಕೆ ಇನ್ನೂರು ಹಾಸುಬಟ್ಟೆ ಮಡಿಸುವ ಕೈ ಪೆನ್ಸಿಲ್ ಹಿಡಿದರೆ ಬಿಗಿದುಕೊಳ್ಳುತ್ತಿತ್ತು. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದುವಷ್ಟು ಅವಳಿಗೆ ಬರುತ್ತಿತ್ತು, ಅರ್ಥ ಮಾತ್ರ ಅರ್ಧಂಬರ್ಧ ಹತ್ತುತ್ತಿತ್ತು.

ಅವಳು ಎರಡನೆಯ ಹೆಂಡತಿಯಾಗಿ ಮನೆಗೆ ಬಂದಾಗ ಗಂಡನ ಮಗಳಿಗೆ ಹತ್ತು ವರ್ಷ. ಹುಡುಗಿ ಜಗಳವಾಡಲಿಲ್ಲ, ಹಟ ಮಾಡಲಿಲ್ಲ. ಚಿಕ್ಕಮ್ಮ ಎಂದು ಕರೆದು, ನೀವು ತಾವು ಎಂದು ಮಾತಾಡಿಸಿ, ಅಷ್ಟು ದೂರದಲ್ಲೇ ಉಳಿದಳು. ಗಂಡ ತೀರಿಕೊಂಡ ಮೇಲೂ ಇಬ್ಬರೂ ಒಬ್ಬರಿಗೊಬ್ಬರು ತೊಂದರೆ ಕೊಡದ ಬಾಡಿಗೆದಾರರ ಹಾಗೆ ಮೂರು ವರ್ಷ ಒಂದೇ ಮನೆಯಲ್ಲಿ ಕಳೆದರು. ಐದು ತಿಂಗಳ ಹಿಂದೆ ಮಗಳಿಗೆ ದೂರದ ಊರಿನ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಫೋನು ಮಾಡಿದರೆ ಊಟ ಆಯ್ತಾ ಎಂದು ಕೇಳಿದ ಮೇಲೆ ಇಬ್ಬರಿಗೂ ಮಾತು ತಡಕಾಡುವ ಪಾಡು. ಹಾಗಾಗಿ ಭಾನುವಾರಕ್ಕೊಂದು ಸಂದೇಶ ಬರುತ್ತಿತ್ತು. ಅಕ್ಕನ ಹಳೆಯ ಫೋನಿನಲ್ಲಿ ಕನ್ನಡ ಮೂಡುತ್ತಿರಲಿಲ್ಲವಾದ್ದರಿಂದ ಎರಡು ಮೂರು ಇಂಗ್ಲಿಷ್ ಪದ, ಕೊನೆಯಲ್ಲಿ ಟಿಸಿ.

ಮೊದಲ ಸಂದೇಶ ರೈಲಿನಿಂದಲೇ ಬಂದಿತ್ತು. ಟಿಕೆಟ್ ನೋಡುವ ಟಿಸಿ ಬಂದಿರಬೇಕು ಎಂದುಕೊಂಡು ಅಕ್ಕ ಸುಮ್ಮನಾದಳು. ಎರಡನೆಯದು ಕೆಲಸಕ್ಕೆ ಸೇರಿದೆ ಎಂಬ ಸುದ್ದಿ, ಅದರ ಕೊನೆಗೂ ಟಿಸಿ. ಓಹೋ, ಕೆಲಸದವರು ಶಾಲೆಯ ಟಿಸಿ ಕೇಳಿದ್ದಾರೆ! ಆಮೇಲಿನ ವಾರಗಳದ್ದೆಲ್ಲ ನೆನಪಿಸುವ ಸಂದೇಶಗಳೇ ಎಂದು ಅವಳು ಲೆಕ್ಕ ಹಾಕಿದಳು. ತಿರುಗಿ ಕೇಳಿದರೆ ಇಷ್ಟೂ ತಿಳಿಯದಾ ಎಂದಾಳು ಎಂಬ ಅಳುಕು. ಪೆಟ್ಟಿಗೆಯನ್ನೆಲ್ಲ ಬುಡಮೇಲು ಮಾಡಿ ಹುಡುಕಿದಳು, ಸಿಗಲಿಲ್ಲ. ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋದಳು.

ಅಲ್ಲಿಯ ಗುಮಾಸ್ತ ನಕಲು ಕೊಡಲು ಕುಣಿಸಿದ್ದೇ ಕುಣಿಸಿದ್ದು. ಇವತ್ತು ಹೆಡ್‌ಮಾಸ್ಟರ್ ಇಲ್ಲ, ನಾಳೆ ದಾಖಲೆ ಕೋಣೆಯ ಬೀಗದ ಕೈ ಇಲ್ಲ. ನಾಲ್ಕನೆಯ ಸಲ ಅರ್ಜಿ ತುಂಬುವಾಗ, ನೀವು ಹುಡುಗಿಗೆ ಏನಾಗಬೇಕು ಎಂದು ಕೇಳಿದ. ಆ ಪ್ರಶ್ನೆಯನ್ನು ಅಕ್ಕನಿಗೆ ಯಾರೂ ಹಾಗೆ ನೇರವಾಗಿ ಕೇಳಿರಲಿಲ್ಲ.

“ತಾಯಿ,” ಎಂದಳು. “ತಾಯಿ ಅಂತ್ಲೇ ಬರ್ಕೊಳ್ಳಿ.”

ಸೋಮವಾರ ರಿಜಿಸ್ಟರ್ ಪೋಸ್ಟಿನಲ್ಲಿ ಟಿಸಿ ಹೋಯಿತು. ಅದರ ಮರುದಿನದ ಪಾಠದಲ್ಲಿ ಟೀಚರ್ ಬೋರ್ಡಿನ ಮೇಲೆ ಬರೆದದ್ದು ಅವೇ ಎರಡು ಅಕ್ಷರ. ರೈಲಿನವನು ಎಂದರು ಕೆಲವರು. ನನಗೆ ಕೆಲಸದಿಂದಲೇ ಟಿಸಿ ಕೊಡುತ್ತಾರೇನೋ ಎಂದಿದ್ದೆ ಎಂದ ಅಟೆಂಡರ್. ಎಲ್ಲರೂ ನಕ್ಕರು. ಟೀಚರೂ ನಗುತ್ತಲೇ ಬಿಡಿಸಿ ಹೇಳಿದಳು: ಟೇಕ್ ಕೇರ್, ಅಂದರೆ ಹುಷಾರಾಗಿರಿ, ನಿಮ್ಮನ್ನು ನೀವು ನೋಡಿಕೊಳ್ಳಿ.

ಅಕ್ಕ ನಗಲಿಲ್ಲ. ಎಲ್ಲರೂ ಇಳಿದುಹೋದ ಮೇಲೆ ಫೋನನ್ನು ಟೀಚರ್ ಮುಂದೆ ಇಟ್ಟು, ನಡೆದದ್ದನ್ನೆಲ್ಲ ಹೇಳಿದಳು. ಟೀಚರ್ ಸಂದೇಶಗಳನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಎಲ್ಲ ಸೇರಿ ಇಪ್ಪತ್ತೊಂದಿದ್ದವು. ಒಂದರಲ್ಲೂ ಆ ಎರಡಕ್ಷರ ತಪ್ಪಿರಲಿಲ್ಲ.

“ನಾನೇನು ಉತ್ತರ ಕೊಟ್ಟಿದ್ದೀನಿ ನೋಡಿ ಟೀಚರ್,” ಎಂದಳು ಅಕ್ಕ. ಪ್ರತಿಯೊಂದರ ಕೆಳಗೂ ಬರೀ ಓಕೆ ಇತ್ತು.

ಲಕೋಟೆ ಮುಟ್ಟುವ ಮೊದಲೇ ವಿಷಯ ತಿಳಿಸಿಬಿಡೋಣ ಎಂದು ಟೀಚರ್ ಹೇಳಿದರೂ ಅಕ್ಕನಿಗೆ ಧೈರ್ಯ ಸಾಲಲಿಲ್ಲ. ಗುರುವಾರ ಸಂಜೆ, ಅವಳು ಪಾತ್ರೆ ತೊಳೆಯುತ್ತಿದ್ದಾಗ ಮಗಳೇ ಫೋನು ಮಾಡಿದಳು.

“ಚಿಕ್ಕಮ್ಮ, ಸ್ಕೂಲಿನ ಟಿಸಿ ಯಾಕೆ ಕಳ್ಸಿದ್ರಿ?”

ಅಕ್ಕ ಒದ್ದೆ ಕೈಯಲ್ಲೇ ಫೋನು ಹಿಡಿದು, ಒಂದನ್ನೂ ಮುಚ್ಚಿಡದೆ ಹೇಳಿದಳು. ರೈಲಿನ ಟಿಸಿಯ ಕಥೆಯನ್ನೂ ಬಿಡಲಿಲ್ಲ. ಮಗಳು ನಗುತ್ತಾಳೆಂದು ಕಾದಳು. ಅವಳು ಕೇಳಿದ್ದೇ ಬೇರೆ.

“ಎಷ್ಟು ಸಲ ಹೋಗಿದ್ರಿ ಸ್ಕೂಲಿಗೆ?”

“ನಾಲ್ಕು ಸಲ. ಅದೇನು ಮಹಾ ದೂರ.”

“ಎರಡು ಬಸ್ಸು ಬದಲಾಯಿಸ್ಬೇಕು ಚಿಕ್ಕಮ್ಮ. ಏಳು ವರ್ಷ ಓಡಾಡಿದ್ದೀನಿ, ನಂಗೊತ್ತಿಲ್ವಾ?” ಅವಳ ದನಿ ಒಡೆದಿತ್ತು. ಆಮೇಲೆ ಹೇಳಿದಳು: “ಹುಷಾರಾಗಿರಿ ಅಂತ ಬಾಯಲ್ಲಿ ಹೇಳೋಕೆ ನಂಗೆ ಬರ್ತಿರ್ಲಿಲ್ಲ. ಎರಡಕ್ಷರ ಆದ್ರೆ ಸುಲಭ ಅನ್ನಿಸ್ತು.”

“ನಂಗೂ ಹಾಗೇ ಕಣೇ. ಆ ಓಕೆ ಇದೆಯಲ್ಲ, ಅದನ್ನ ಬರ್ದು ಅಳಿಸಿ, ಬರ್ದು ಅಳಿಸಿ, ಕಾಲು ಗಂಟೆ ಆಗ್ತಿತ್ತು. ಇನ್ನೇನಾದ್ರೂ ಬರೀಬೇಕು ಅನ್ನಿಸೋದು. ಏನಂತ ಬರೀಲಿ?”

ಕಣೇ ಎಂದದ್ದು ಅಕ್ಕನ ಅರಿವಿಗೇ ಬರಲಿಲ್ಲ. ಮಗಳು ಮೂಗೊರೆಸಿಕೊಂಡ ಸದ್ದು ಕೇಳಿಸಿತು. ಫೋನು ಇಡುವ ಹೊತ್ತಾಯಿತೇನೋ ಎಂದು ಅಕ್ಕ ಹಿಂಜರಿಯುತ್ತಿರುವಾಗ ಮಗಳೇ ಇನ್ನೊಂದು ಮಾತು ತೆಗೆದಳು. ಲ್ಯಾಬಿನಲ್ಲಿ ಕೊಟ್ಟ ಬಿಳಿ ಕೋಟನ್ನು ಕಬ್ಬಿಣದ ಮೊಳೆಗೆ ನೇತುಹಾಕಿದ್ದಳಂತೆ, ಬೆನ್ನ ಮೇಲೆ ತುಕ್ಕಿನ ಕಲೆ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲವಂತೆ.

ಅಕ್ಕ ನಲ್ಲಿ ನಿಲ್ಲಿಸಿ, ಸ್ಟೂಲು ಎಳೆದುಕೊಂಡು ಕೂತಳು. ಉಜ್ಜಬಾರದು, ನೂಲು ಸಡಿಲವಾಗುತ್ತದೆ ಎಂದು ಗದರಿದಳು. ನಿಂಬೆಹಣ್ಣು ಹಿಂಡಿ, ಮೇಲೆ ಉಪ್ಪು ಉದುರಿಸಿ, ಬಿಸಿಲಿಗೆ ಹಾಕಬೇಕು, ಒಣಗಿದ ಮೇಲೆ ತಣ್ಣೀರಿನಲ್ಲಿ ಜಾಲಿಸಬೇಕು, ಒಂದು ಸಲಕ್ಕೆ ಹೋಗದಿದ್ದರೆ ಇನ್ನೊಂದು ಸಲ.

ಮಗಳು ತಾಳಿ ಎಂದು ಪೆನ್ನು ಹುಡುಕಿ ತಂದು, ಮೊದಲಿನಿಂದ ಹೇಳಿ ಎಂದಳು.