ಕುರ್ತಾದ ಮರೆಯಲ್ಲಿ ಹತ್ತೊಂಬತ್ತು ತಿಂಗಳು

ನಾನು ಪಿಸ್ತೂಲನ್ನು ಇಡುವ ತೊಗಲಿನ ಒರೆ. ಪೊಲೀಸರು ನನ್ನನ್ನು ಹೋಲ್ಸ್ಟರ್ ಎನ್ನುತ್ತಾರೆ. ನಾನು ಹುಟ್ಟಿದ್ದು ಅಥಣಿಯಲ್ಲಿ, ಚಪ್ಪಲಿ ಮಾಡುವ ಮಲ್ಹಾರಿಯ ಮನೆಯ ಪಡಸಾಲೆಯಲ್ಲಿ. ಜಾಲಿ ಚಕ್ಕೆಯ ನೀರಿನಲ್ಲಿ ಹದವಾದ ಎಮ್ಮೆಯ ತೊಗಲು ನನ್ನದು. ನನ್ನ ಜೊತೆಗಿದ್ದ ತುಂಡುಗಳೆಲ್ಲ ಚಪ್ಪಲಿಯಾಗಿ ಊರೂರು ತಿರುಗಲು ಹೋದವು. ನಾನೂ ಹಾಗೆಯೇ ಯಾರದೋ ಅಂಗಾಲಿನ ಕೆಳಗೆ ಸವೆಯಬೇಕಾದವನು. ಒಂದು ಭಾನುವಾರ ಬೆಳಿಗ್ಗೆ ನೀಲಗಂಗಾ ಎಂಬ ಹೆಡ್ ಕಾನ್ಸ್‌ಟೇಬಲ್ ಆ ಪಡಸಾಲೆಗೆ ಬಂದಳು. ಅಲ್ಲಿಂದ ನನ್ನ ದಾರಿ ಬೇರೆಯಾಯಿತು.

ಖಾಕಿ ಇರಲಿಲ್ಲ, ಉದ್ದನೆಯ ಹತ್ತಿಯ ಕುರ್ತಾ ತೊಟ್ಟಿದ್ದಳು. ಕೂರುವಾಗ ಬಲಪಕ್ಕೆ ಹಿಡಿದುಕೊಂಡು ಮುಖ ಕಿವುಚಿದಳು. ಆಮೇಲೆ ಪಿಸ್ತೂಲು ಹೊರಗೆ ತೆಗೆದು, ಗುಂಡುಗಳ ಮ್ಯಾಗಜಿನ್ ಬೇರೆ ಮಾಡಿ, ಒಳಗೇನೂ ಉಳಿದಿಲ್ಲವೆಂದು ಎರಡು ಸಲ ನೋಡಿ, ಮಲ್ಹಾರಿಗೂ ತೋರಿಸಿ ಟವೆಲಿನ ಮೇಲಿಟ್ಟಳು.

"ಅಜ್ಜಾರ, ಇದಕ್ಕೊಂದು ಹೋಲ್ಸ್ಟರ್ ಬೇಕ್ರಿ."

"ಯವ್ವಾ, ನಾ ಚಪ್ಪಲಿ ಹೊಲಿಯಾಂವ. ಇಂಥಾದ್ದು ನನ್ನ ಕಡೆ ಆಗ್ತೈತೇನು?"

"ನಿಮ್ಮ ಚಪ್ಪಲಿ ಕಾಲಿಗೆ ಕಚ್ಚೂದಿಲ್ಲಂತ. ಇದೂ ಸೊಂಟಕ್ಕ ಕಚ್ಚಬಾರದು. ಅಷ್ಟ ನೋಡ್ರಿ."

ಮಲ್ಹಾರಿ ನಕ್ಕ. ಅವನ ಹೆಂಡತಿ ಗೌರಾಬಾಯಿ ಚಹಾ ತಂದಿಟ್ಟು ಅಲ್ಲೇ ಕುಳಿತಳು. ನೀಲಗಂಗಾ ತನ್ನ ಕಷ್ಟ ಹೇಳಿಕೊಂಡಳು.

ಮೆಹರುನ್ನಿಸಾ ಎಂಬ ಶಾಲಾ ಶಿಕ್ಷಕಿ ಒಂದು ಕೊಲೆಯನ್ನು ಕಣ್ಣಾರೆ ಕಂಡಿದ್ದರು. ಕೊಂದವನು ಕಲ್ಲಿನ ಕ್ವಾರಿಯ ಮಾಲೀಕ. ವಿಚಾರಣೆ ಮುಗಿಯುವವರೆಗೆ ಅವರ ಕಾವಲು ನೀಲಗಂಗಾಳದು. ಟೀಚರು ಒಪ್ಪಿದ್ದರು, ಆದರೆ ಒಂದೇ ಮಾತಿನ ಮೇಲೆ: ಪಿಸ್ತೂಲು ಒಂದೇ ಒಂದು ಮಗುವಿನ ಕಣ್ಣಿಗೂ ಬೀಳಬಾರದು.

"ಹಾಂಗಿದ್ರ ಸಣ್ಣ ಪಿಸ್ತೂಲ ತಗೊಂಡ್ರ ಆತಲ್ಲ?" ಎಂದಳು ಗೌರಾಬಾಯಿ.

"ಆಯುಧ ಕೊಡೋರೂ ಅದನ್ನ ಹೇಳಿದ್ರಿ. ಎರಡೂ ಹೊಡೆದು ನೋಡೀನಿ. ಸಣ್ಣದರೊಳಗ ನನ್ನ ಕಿರುಬೆರಳಿಗೆ ಜಾಗಾ ಇಲ್ಲ. ಕೈಯಾಗ ಕುಣಿತೈತಿ, ಗುಂಡು ಎಲ್ಲೆಲ್ಲೋ ಹೋಗ್ತೈತಿ. ಇದು ಭಾರ ಖರೆ, ಆದ್ರ ಗುರಿ ಇಟ್ಟ ಕಡೆ ಬಡಿತೈತಿ. ಶಾಲ್ಯಾಗ ಇರಾಕಿ ನಾನು. ಗುರಿ ತಪ್ಪಿದ್ರ ಯಾರಿಗೆ ಬಡಿತೈತಿ ಹೇಳ್ರಿ?"

ಮಲ್ಹಾರಿ ನನ್ನನ್ನು ನೀರಿಗೆ ಅದ್ದಿ, ಪಿಸ್ತೂಲಿಗೆ ತೆಳ್ಳನೆ ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ನನ್ನನ್ನು ಬೆರಳಿನಿಂದ ಒತ್ತಿ ಒತ್ತಿ ಕೂರಿಸಿದ. ಟ್ರಿಗರ್ ಪೂರ್ತಿ ಮುಚ್ಚಿಹೋಗುವಂತೆ ಹೊಲಿಗೆ ಹಾಕಿದ. ಒಣಗಿದ ಮೇಲೆ ಅವಳು ಕಟ್ಟಿಕೊಂಡು ಕೂತರೆ ಹಿಡಿಕೆ ಮತ್ತೆ ಪಕ್ಕೆಗೆ ಚುಚ್ಚಿತು. ಮಲ್ಹಾರಿಗೆ ತಿಳಿಯಲಿಲ್ಲ. ತಿಳಿದದ್ದು ಗೌರಾಬಾಯಿಗೆ.

"ಹೆಂಗಸಿನ ಸೊಂಟ ನಿನ್ನ ಸೊಂಟದಾಂಗ ನೆಟ್ಟಗ ಇರತೈತೇನು? ತಗೀ ಅತ್ಲಾಗ," ಎಂದು ನನ್ನನ್ನು ಅವನ ಕೈಯಿಂದ ಕಸಿದುಕೊಂಡಳು.

ಪಕ್ಕೆಯ ಕಡೆ ಕುರಿ ತೊಗಲಿನ ಮೆತ್ತನೆಯ ಸಣ್ಣ ದಿಂಡು ಹೊಲಿದಳು. ನನ್ನನ್ನು ಎರಡು ಬೆರಳಿನಷ್ಟು ಕೆಳಗಿಳಿಸಿ, ಹಿಡಿಕೆ ತುಸು ಮುಂದಕ್ಕೆ ವಾಲುವಂತೆ ಬೆಲ್ಟಿನ ಕುಣಿಕೆ ಬದಲಿಸಿದಳು. ಎರಡು ಪದರದ ಅಗಲವಾದ ಬೆಲ್ಟನ್ನೂ ಮಾಡಿಸಿದಳು. ತೆಳು ಬೆಲ್ಟು ಜೋತು ಬೀಳುತ್ತದೆ, ಭಾರವೆಲ್ಲ ಒಂದೇ ಕಡೆ ಜಗ್ಗುತ್ತದೆ. ಬಟ್ಟೆಯ ಮೇಲೆ ಉಬ್ಬು ಕಾಣುವುದೂ ಆಗಲೇ.

ನೀಲಗಂಗಾ ಕೂತಳು, ಎದ್ದಳು, ಬಗ್ಗಿದಳು. ಆಮೇಲೆ ಉಸಿರು ಬಿಟ್ಟಳು. ಅವಳ ಮೈಯ ಬಿಸಿ ನನಗೆ ಮೊದಲ ಸಲ ತಾಗಿದ್ದು ಆಗ.

ಹತ್ತೊಂಬತ್ತು ತಿಂಗಳು ನಾನು ಆ ಕುರ್ತಾದ ಮರೆಯಲ್ಲಿ ಇದ್ದೆ. ಶಾಲೆಯಲ್ಲಿ ಅವಳು ಟೀಚರ ಸಹಾಯಕಿ ಎಂದೇ ಎಲ್ಲರ ನಂಬಿಕೆ. ನೆಲದ ಮೇಲಿನ ಸೀಮೆಸುಣ್ಣ ಎತ್ತಬೇಕಾದರೆ ಅವಳು ಸೊಂಟ ಬಗ್ಗಿಸದೆ ಮೊಣಕಾಲು ಮಡಿಸುತ್ತಿದ್ದಳು. ಮಕ್ಕಳು ಓಡಿಬಂದು ತಬ್ಬಿಕೊಳ್ಳುವಾಗ ಎಡ ಮಗ್ಗುಲು ಮುಂದೆ ಮಾಡುತ್ತಿದ್ದಳು. ಬೇಸಿಗೆಯಲ್ಲಿ ಅವಳ ಬೆವರು ಕುಡಿದು ನಾನು ಕಪ್ಪಾದೆ. ಸಂಜೆ ಮನೆಗೆ ಹೋಗಿ ನನ್ನನ್ನು ಬಿಚ್ಚಿದಾಗ ಅವಳ ಸೊಂಟದ ಮೇಲೆ ಕೆಂಪು ಗುರುತು ಇರುತ್ತಿತ್ತು. ಎಷ್ಟೇ ಚೆನ್ನಾಗಿ ಹೊಲಿದರೂ ಭಾರ ಭಾರವೇ. ಅವಳು ಬೈಯುತ್ತಿರಲಿಲ್ಲ. ಬಟ್ಟೆಯಿಂದ ನನ್ನನ್ನು ಒರೆಸಿ ಗಾಳಿಗೆ ಇಡುತ್ತಿದ್ದಳು.

ಮೆಹರುನ್ನಿಸಾ ಟೀಚರು ಮೊದಮೊದಲು ಅವಳೊಡನೆ ಹೆಚ್ಚು ಮಾತಾಡುತ್ತಿರಲಿಲ್ಲ. ಬರಬರುತ್ತಾ ಡಬ್ಬಿಯ ಬುತ್ತಿ ಹಂಚಿಕೊಂಡರು. ಸಾಕ್ಷಿ ಹೇಳುವ ದಿನ ಹತ್ತಿರ ಬಂದಂತೆ ಮಾತ್ರ ಅವರು ಕುಗ್ಗತೊಡಗಿದರು. ಒಂದು ಬುಧವಾರ ಬೆಳಿಗ್ಗೆ ಹೇಳಿಯೇಬಿಟ್ಟರು.

"ನೀಲಗಂಗಾ, ನಾ ಕೋರ್ಟಿಗೆ ಬರೂದಿಲ್ಲವಾ. ಏನೂ ನೋಡಿಲ್ಲ ಅಂತ ಬರದು ಕೊಡ್ತೀನಿ. ನನ್ನ ಸಲುವಾಗಿ ಈ ಮಕ್ಕಳಿಗೆ ಕುತ್ತು ಬ್ಯಾಡ."

ನೀಲಗಂಗಾ ಎಂದಿನಂತೆ ಅವರ ಹಿಂದೆಯೇ ತರಗತಿಗೆ ನಡೆದಳು.

ಅದೇ ಮಧ್ಯಾಹ್ನ, ಮಕ್ಕಳು ತಟ್ಟೆ ಹಿಡಿದು ಬಿಸಿಯೂಟಕ್ಕೆ ಸಾಲು ನಿಂತಿದ್ದಾಗ, ಹೆಗಲಿಗೆ ಟವೆಲ್ ಹಾಕಿಕೊಂಡ ಒಬ್ಬಾತ ಗೇಟು ದಾಟಿ ಬಂದ. ಯಾವುದೋ ಮಗುವಿನ ತಂದೆಯಿರಬೇಕು ಎನ್ನುವಂತೆ ನಿಧಾನವಾಗಿ ನಡೆಯುತ್ತಿದ್ದ. ಟೀಚರಿಗೆ ನಾಲ್ಕು ಹೆಜ್ಜೆ ಇರುವಾಗ ಟವೆಲಿನೊಳಗಿಂದ ಕುಡಗೋಲು ಹೊರಗೆ ಬಂತು.

ನೀಲಗಂಗಾಳ ಹೆಬ್ಬೆರಳು ಕುರ್ತಾ ಸರಿಸಿತು. ಐದೂ ಬೆರಳು ಹಿಡಿಕೆಯ ಮೇಲೆ ಕೂತವು. ಪಿಸ್ತೂಲು ನನ್ನೊಳಗಿಂದ ಒಂದು ಅಂಗುಲ ಮೇಲೆದ್ದಿತು.

ಅಲ್ಲಿಯೇ ನಿಂತಿತು.

ಅವನ ಬೆನ್ನ ಹಿಂದೆಯೇ ಮಕ್ಕಳ ಸಾಲು. ಅವಳ ಕೈ ಪಿಸ್ತೂಲನ್ನು ಮರಳಿ ನನ್ನೊಳಗೆ ಒತ್ತಿತು. ನಾನು ಅದನ್ನು ಬಿಗಿಯಾಗಿ ಹಿಡಿದುಕೊಂಡೆ. ಅವಳು ಬರಿಗೈಯಲ್ಲಿ ಮುಂದೆ ಹಾರಿದಳು. ಕುಡಗೋಲಿನ ಮೊದಲ ಏಟು ಅವಳ ಎಡಗೈಯನ್ನು ಸೀಳಿತು. ಎರಡನೆಯದು ಬೀಳುವ ಮೊದಲು ಅವಳು ಅವನ ಮಣಿಕಟ್ಟು ಹಿಡಿದು ತಿರುಚಿ ಕೆಳಗೆ ಕೆಡವಿದಳು. ಅಡುಗೆಯ ಹೆಂಗಸರಿಬ್ಬರು ಓಡಿಬಂದು ಅವನ ಬೆನ್ನ ಮೇಲೆ ಕುಳಿತುಬಿಟ್ಟರು. ರಕ್ತ ನನ್ನ ಮೇಲೂ ಇಳಿಯಿತು.

ಆಸ್ಪತ್ರೆಯಲ್ಲಿ ಟೀಚರು ಅವಳ ಮಂಚದ ಪಕ್ಕ ಕುಳಿತಿದ್ದರು.

"ಪಿಸ್ತೂಲ ಇತ್ತಲ್ಲವಾ ನಿನ್ನ ಕಡೆ? ಯಾಕ ತಗೀಲಿಲ್ಲ?"

"ಹಿಂದ ಹುಡುಗ್ರಿದ್ರಲ್ರೀ ಟೀಚರ."

ಟೀಚರು ಬಹಳ ಹೊತ್ತು ಅವಳ ಬಲಗೈ ಹಿಡಿದುಕೊಂಡಿದ್ದರು. ಎದ್ದು ಹೋಗುವಾಗ, "ನಾ ಕೋರ್ಟಿಗೆ ಬರ್ತೀನಿ," ಎಂದರು.

ಬಂದರು. ಒಂದು ಇಡೀ ದಿನ ಕಟಕಟೆಯಲ್ಲಿ ನಿಂತು, ವಕೀಲರು ಕೇಳಿದ್ದಕ್ಕೆಲ್ಲ ಪಾಠ ಹೇಳುವ ದನಿಯಲ್ಲಿ ಉತ್ತರಿಸಿದರು. ಕ್ವಾರಿಯ ಮಾಲೀಕನಿಗೆ ಜೀವಾವಧಿ ಶಿಕ್ಷೆಯಾಯಿತು.

ನೀಲಗಂಗಾಳ ಎಡಗೈಯ ಎರಡು ಬೆರಳು ಮತ್ತೆ ಮಡಿಸಲು ಬರಲಿಲ್ಲ. ಕಾವಲು ಕೆಲಸದಿಂದ ತೆಗೆದು ಅವಳನ್ನು ತರಬೇತಿ ಶಾಲೆಗೆ ಹಾಕಿದರು. ನಾನು ಬಾಳೇಶ ಎಂಬ ಕಾನ್ಸ್‌ಟೇಬಲ್ ಒಬ್ಬನ ಪಾಲಾದೆ. ಕೆಟ್ಟವನಲ್ಲ, ಆದರೆ ನನ್ನನ್ನು ಪ್ಯಾಂಟಿನ ತೆಳು ಬೆಲ್ಟಿಗೆ ಸಿಕ್ಕಿಸಿ ದಿನವಿಡೀ ಪ್ಯಾಂಟು ಮೇಲೆಳೆಯುತ್ತಿದ್ದ. ಅವನ ಗಂಡಸಿನ ಸೊಂಟಕ್ಕೆ ಗೌರಾಬಾಯಿಯ ದಿಂಡು ಒತ್ತುತ್ತಿತ್ತಂತೆ. ಬ್ಲೇಡಿನಿಂದ ಅದನ್ನು ಕೊಯ್ದು ಎಸೆದ. ನನಗೆ ನೋವಾಯಿತು, ಆದರೆ ಅವನ ಮೈ ಅವನದು. ಸ್ವಲ್ಪ ದಿನಕ್ಕೆ ಗಟ್ಟಿ ಪ್ಲಾಸ್ಟಿಕ್ಕಿನ ಹೊಸ ಹೋಲ್ಸ್ಟರ್‌ಗಳು ಬಂದವು. ನನ್ನನ್ನು ಹಳೆಯ ಬೂಟುಗಳ ಜೊತೆ ಪೆಟ್ಟಿಗೆಗೆ ತುಂಬಿದರು. ನಾಲ್ಕು ವರ್ಷ ಅಲ್ಲಿ ಬೂಷ್ಟು ಹಿಡಿದು ಬಿದ್ದಿದ್ದೆ.

ಆ ಪೆಟ್ಟಿಗೆ ತರಬೇತಿ ಶಾಲೆಗೆ ಬಂದದ್ದು ನನ್ನ ಪುಣ್ಯ. ನೀಲಗಂಗಾ ಬೂಟುಗಳ ನಡುವೆ ಕೈಯಾಡಿಸುವಾಗ ಸಿಕ್ಕೆ. ತಿರುಗಿಸಿ ನೋಡಿ, "ಅಯ್ಯ, ನೀನು!" ಎಂದಳು. ಎಣ್ಣೆ ಹಚ್ಚಿದಳು. ಕೊಯ್ದ ಜಾಗದಲ್ಲಿ ತಾನೇ ವಕ್ರವಕ್ರವಾಗಿ ಹೊಸ ದಿಂಡು ಹೊಲಿದಳು.

ಈಗ ನನ್ನ ವಾಸ ಅವಳ ತರಗತಿಯ ಕಪಾಟಿನಲ್ಲಿ. ನನ್ನೊಳಗೆ ಇರುವುದು ಗುಂಡು ಹಾರಿಸದ, ಅಷ್ಟೇ ತೂಕದ ತಾಲೀಮಿನ ಪಿಸ್ತೂಲು. ಆ ಹತ್ತೊಂಬತ್ತು ತಿಂಗಳಲ್ಲಿ ನನ್ನೊಳಗಿದ್ದ ನಿಜವಾದ ಪಿಸ್ತೂಲಿನಿಂದ ಒಂದು ಗುಂಡೂ ಹಾರಲಿಲ್ಲ ಎಂಬುದು ನನಗೆ ಹೆಮ್ಮೆಯೇ ಹೊರತು ಕೊರತೆಯಲ್ಲ. ಹೊಸದಾಗಿ ಸೇರಿದ ಹುಡುಗಿಯರು ಒಬ್ಬೊಬ್ಬರಾಗಿ ಒಂದು ದಿನ ನನ್ನನ್ನು ಸಾದಾ ಬಟ್ಟೆಯೊಳಗೆ ಕಟ್ಟಿಕೊಂಡು ತರಬೇತಿ ಶಾಲೆಯ ಆವರಣದಲ್ಲೇ ಓಡಬೇಕು, ಊಟಕ್ಕೆ ಕೂರಬೇಕು, ಮೆಟ್ಟಿಲು ಹತ್ತಬೇಕು.

ಮೊನ್ನೆ ತಂಗೆಮ್ಮ ಎಂಬ ಹುಡುಗಿಯ ಸರದಿ. ಸಂಜೆ ನನ್ನನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಖುಷಿಯಿಂದ ಹೇಳಿದಳು.

"ಮೇಡಂ, ದಿನಾ ಪೂರ್ತಿ ಯಾರಿಗೂ ಗೊತ್ತ ಆಗಲಿಲ್ರೀ!"

"ಸೊಂಟದಾಗ ಅದು ಐತಿ ಅನ್ನೂದನ್ನ ನೀ ಎಲ್ಲೆರೆ ಮರತಿದ್ದೇನು?"

ಹುಡುಗಿ ಯೋಚಿಸಿದಳು. ಸೊಂಟ ಸವರಿಕೊಂಡಳು.

"ಇಲ್ರೀ ಮೇಡಂ. ಒಂದ ಕ್ಷಣನೂ ಮರೀಲಿಲ್ಲ."

"ಹಾಂಗಿದ್ರ ನಾಳೆ ಬಾ," ಎಂದಳು ನೀಲಗಂಗಾ. "ಖರೇ ಪಿಸ್ತೂಲ ಕೊಡ್ತೀನಿ."