ಮಂಗಳ ಬಾರದ ಪೆಟ್ಟಿಗೆ

ರೇಣುಕಮ್ಮ ಕನಕಗಿರಿ ಕಡೆಯ ತನ್ನ ಹಳ್ಳಿಯಿಂದ ಗಂಗಾವತಿಗೆ ಹೋಗಿದ್ದು ಚಹಾ ಸೋಸುವ ಜಾಲರಿ ತರಲು. ಟಿಪ್ಪುಸಾಬನ ಅಂಗಡಿಯಲ್ಲಿ ಬಾಳೆಹಣ್ಣು ಹೆಚ್ಚುವ ಯಂತ್ರವಿತ್ತು, ಚಪ್ಪಾಳೆ ತಟ್ಟಿದರೆ ಹತ್ತುವ ದೀಪವಿತ್ತು, ಬೆನ್ನು ತುರಿಸುವ ಪ್ಲಾಸ್ಟಿಕ್ ಕೈಯೂ ಇತ್ತು. ಜಾಲರಿಯೊಂದೇ ಇರಲಿಲ್ಲ.

“ಜಾಲರಿ ಬಿಡ್ರಿ ಯವ್ವಾ, ಇದನ್ನ ಕೇಳ್ರಿ. ಕರೆಂಟ್ ಹೋದ್ರೂ ಎರಡು ದಿನ ನಿಲ್ಲೂದಿಲ್ಲ” ಎಂದು ಅವನು ಅಂಗೈಯಗಲದ ಪೆಟ್ಟಿಗೆಯ ಗುಂಡಿ ಒತ್ತಿದ. ‘ಓಂ ನಮಃ ಶಿವಾಯ’ ಎಂದು ಪೆಟ್ಟಿಗೆ ಹಾಡತೊಡಗಿತು. ರೇಣುಕಮ್ಮನ ಕೈಗಳು ತಾವಾಗಿ ಕೂಡಿಕೊಂಡವು. ಕರೆದ ಶಿವನನ್ನು ಅಂಗಡಿಯಲ್ಲಿ ಬಿಟ್ಟು ಬರುವುದು ಹೇಗೆ? ಹಾಡುತ್ತಿದ್ದ ಹಾಗೆಯೇ ಅದನ್ನು ಕೊಂಡಳು.

ಮನೆಗೆ ಬಂದ ಮೇಲೆ ಪಜೀತಿ ಶುರುವಾಯಿತು. ನಲವತ್ತು ವರ್ಷ ಊರ ಭಜನೆಯಲ್ಲಿ ತಾಳ ಹಿಡಿದವಳು ಆಕೆ. ಆ ಭಜನೆಯ ಕಟ್ಟಳೆ ಎರಡೇ: ಕೊನೆಯ ಮಂಗಳ ಪದ ಆಗುವ ತನಕ ಬೇರೆ ಕೆಲಸಕ್ಕೆ ಕೈ ಹಾಕಬಾರದು, ಹಾಡು ಎತ್ತಿದವರೇ ಮಂಗಳ ಹೇಳಬೇಕು. ಈ ಪೆಟ್ಟಿಗೆಗೋ ಮಂಗಳವೇ ಬಾರದು! ಸಂಜೆ ಎಮ್ಮೆ ಕೂಗಿತು. ರೇಣುಕಮ್ಮನ ಕೈಗಲ್ಲದೆ ಅದು ಹಾಲು ಇಳಿಸದು. ಕರು ಕುಡಿದಷ್ಟು ಕುಡಿಯಿತು. ಬೆಳಗಾಗುವಷ್ಟರಲ್ಲಿ ಕೆಚ್ಚಲು ಕಲ್ಲಾಗಿತ್ತು.

“ಗುಂಡಿ ಒತ್ತಿದ್ರ ಆತಲ್ಲ, ಅತ್ತಿ!” ಎಂದು ಸೊಸೆ ಪಂಪಮ್ಮ ಕೈ ಚಾಚಿದಳು.

“ಶಿವನ ಬಾಯಿ ಮುಚ್ಚತೀಯೇನ? ಎತ್ತಿದಾಂವ ಟಿಪ್ಪುಸಾಬ. ಅವನ ಮುಗಸ್ಲಿ.”

ಹಾಡುವ ಪೆಟ್ಟಿಗೆಯನ್ನು ಸೆರಗಿನಲ್ಲಿಟ್ಟುಕೊಂಡು ಮೊದಲ ಬಸ್ಸು ಹತ್ತಿದಳು. ಕಂಡಕ್ಟರ್ ನಕ್ಕ: “ಹೆಣಮಗಳು, ನಿನಗ ಫ್ರೀ ಐತಬೇ. ಒಳಗಿನ ಸ್ವಾಮಿ ಗಂಡಸು, ಅವಂಗ ಟಿಕೀಟು ತಗಸು!”

ಟಿಪ್ಪುಸಾಬ ಆಗಷ್ಟೇ ಬಾಗಿಲು ತೆರೆದಿದ್ದ. ಸಂಗತಿ ಕೇಳಿ ಕಕ್ಕಾಬಿಕ್ಕಿಯಾದ. “ನಾ ಹ್ಯಾಂಗ ಮಂಗಳ ಹಾಡ್ಲಿ, ಯವ್ವಾ?”

“ಮೊಹರಮ್‌ನ್ಯಾಗ ಪದ ಹಾಡೂದಿಲ್ಲೇನು ನೀನು? ಎತ್ತಿದ್ದನ್ನ ನಡುವ ಬಿಡತೀಯೇನು?”

“ತೌಬಾ! ಪೂರಾ ಮುಗಸ್ತೀವಿ.”

“ಇದೂ ಹಂಗ. ನಾ ಅಂತೀನಿ, ಹಿಂದ ನೀ ಅನ್ನು. ಲಗೂ, ಅಲ್ಲಿ ಎಮ್ಮಿ ಒದ್ದಾಡಾಕತ್ತೈತಿ.”

ಅವನು ಚಪ್ಪಲಿ ಕಳಚಿ ನಿಂತ. ತನ್ನ ಅತ್ತೆಯಿಂದ ಕಲಿತ ಮಂಗಳವನ್ನು ರೇಣುಕಮ್ಮ ಸಾಲು ಸಾಲಾಗಿ ಹೇಳಿಕೊಟ್ಟಳು. ಅವನು ಗಡಸು ದನಿಯಲ್ಲಿ, ತಪ್ಪದ ತಾಳದಲ್ಲಿ ಹಿಂಬಾಲಿಸಿದ. ಕೊನೆಯ ಸಾಲಿಗೆ ಅವನ ಬೆರಳು ಮೆಲ್ಲಗೆ ಗುಂಡಿ ಒತ್ತಿತು. ನಿನ್ನೆಯಿಂದ ಮೊದಲ ಸಲ ರೇಣುಕಮ್ಮನಿಗೆ ತನ್ನ ಉಸಿರು ಕೇಳಿಸಿತು. ಶಿವನ ನಾಮ ಆ ಉಸಿರಿನೊಳಗೂ ನಡೆದೇ ಇತ್ತು.

“ಇದು ಇಲ್ಲೇ ಇರ್ಲಿ,” ಎಂದಳು.

“ಬದಲಿ ಏನರ ಒಯ್ರಿ.”

“ಜಾಲರಿ ಬಂದೈತೇನು?”

“ಇಲ್ಲವ್ವಾ.”

“ಹಂಗಾರ ಸೆರಗಿನ್ಯಾಗ ಸೋಸ್ತೀನಿ ಬಿಡು.”

ಆಕೆ ಮೆಟ್ಟಿಲಿಳಿಯುವಾಗ ಹಿಂದೆ ಬೇರೊಬ್ಬಳು ಅದೇ ಪೆಟ್ಟಿಗೆಯ ಬಗ್ಗೆ ಕೇಳುತ್ತಿದ್ದಳು. ಗುಂಡಿಗೆ ಹೋಗಿದ್ದ ಬೆರಳನ್ನು ಟಿಪ್ಪುಸಾಬ ಸರಕ್ಕನೆ ಹಿಂದೆಗೆದ.

“ನೀವ ಒತ್ರಿ, ಅಕ್ಕಾರ. ಮೊದಲ ಹೇಳ್ರಿ, ನಿಮಗ ಮಂಗಳ ಬರತೈತೇನು?”

ರೇಣುಕಮ್ಮ ತಿರುಗಿ ನೋಡಲಿಲ್ಲ. ಎಮ್ಮೆಯ ಕೂಗು ಆಕೆಗೆ ಅಲ್ಲಿಂದಲೇ ಕೇಳುತ್ತಿತ್ತು.