ಏಣಿಯ ಕೋಟಿಗೆ ಹಸಿರು ಲೈನಿಂಗ್

ನನ್ನ ಕತ್ತರಿಯ ಸದ್ದು ಕೇಳಿದರೆ ಸಾಕು, ಮೂರು ಊರಿನಾಚೆಯ ಕುರಿಗಳು ತಾವಾಗಿಯೇ ಉಣ್ಣೆ ಕಳಚಿ, ನೀಟಾಗಿ ಮಡಿಸಿಟ್ಟು, ಸಾಲಾಗಿ ನಿಲ್ಲುತ್ತವೆ. ನಂಬದವರು ಹೋಗಿ ಕುರಿಗಳನ್ನೇ ವಿಚಾರಿಸಬಹುದು. ಒಮ್ಮೆ ನಾನು ಹೊಲಿದ ಪ್ಯಾಂಟು ಎಷ್ಟು ಉದ್ದವಿತ್ತೆಂದರೆ, ಒಣಗಲು ಹಾಕಿದಾಗ ಸೊಂಟದ ಕಡೆ ಬಿಸಿಲು, ಪಾದದ ಕಡೆ ಮಳೆ. ಅಂಥ ಪ್ಯಾಂಟು ಯಾರದು ಅಂತೀರಾ? ಇನ್ಯಾರದು, ಏಣಿಯದು.

ಉದ್ದ ನೋಡಿ ಊರೇ ಏಣಿ ಎಂದು ಕರೆಯುವ ಇವನು ನಮ್ಮೂರ ಕೆಂಪು ತಂಡದ ಬ್ಯಾಸ್ಕೆಟ್‌ಬಾಲ್ ಆಟಗಾರ. ಅವನು ನೆಗೆದು ಚೆಂಡು ಹಾಕುವುದಿಲ್ಲ, ಡಬ್ಬಿಯೊಳಗೆ ಸಕ್ಕರೆ ಹಾಕಿದಂತೆ ನಿಂತಲ್ಲೇ ಹಾಕುತ್ತಾನೆ. ಅವನ ತಾಯಿ ಇದ್ದದ್ದು ನನ್ನ ಟೈಲರ್ ಅಂಗಡಿಯ ಮೇಲಿನ ಮನೆಯಲ್ಲಿ. ಬೀದಿಗೆಲ್ಲ ಅವರು ಮಹಡಿಯಮ್ಮ. ಮಂಡಿ ಹಿಡಿದುಕೊಂಡಿದ್ದರಿಂದ ಮೆಟ್ಟಿಲಿಳಿಯುವುದು ಅವರಿಗೆ ದೊಡ್ಡ ಪ್ರಯಾಣ. ಅದಕ್ಕೇ ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿಯೊಂದನ್ನು ಇಳಿಬಿಡುತ್ತಿದ್ದರು. ಹರಿದ ದಿಂಬಿನ ಚೀಲ, ಗುಂಡಿ ಕಿತ್ತ ಸ್ವೆಟರು ಬುಟ್ಟಿಯಲ್ಲಿ ಕೆಳಗಿಳಿಯುತ್ತಿದ್ದವು. ನಾನು ಹೊಲಿದು ಹಾಕಿ ಹಗ್ಗ ಜಗ್ಗಿದರೆ ಬುಟ್ಟಿ ಮೇಲೇರುತ್ತಿತ್ತು. ಮಗ ತನ್ನ ದೊಡ್ಡ ಮನೆಗೆ ಎಷ್ಟು ಕರೆದರೂ ಆಕೆ ಒಪ್ಪಿರಲಿಲ್ಲ.

"ಕಿಟಕಿ ತೆಗೆದ್ರೆ ನಿನ್ನ ಮಷೀನ್ ಸದ್ದು ಕೇಳ್ಬೇಕು ತಮ್ಮಾ, ಇಲ್ದಿದ್ರೆ ನನಗೆ ಬೆಳಗಾಗಿದ್ದೇ ಗೊತ್ತಾಗಲ್ಲ" ಅನ್ನುತ್ತಿದ್ದರು.

ಹೀಗಿರುವಾಗ ಏಣಿಯ ಒಪ್ಪಂದ ಮುಗಿಯಿತು. ಒಪ್ಪಂದ ಮುಗಿದ ಆಟಗಾರನೆಂದರೆ ಕಣ್ಣಿ ಬಿಚ್ಚಿದ ಎತ್ತು, ಯಾವ ಕೊಟ್ಟಿಗೆಗೆ ಬೇಕಾದರೂ ಹೋಗಬಹುದು. ಹೋಗುತ್ತಾನೋ, ಹೋದರೆ ಎಲ್ಲಿಗೆ ಎಂದು ಊರಿಗೆ ಊರೇ ಬಾಯಿ ಬಿಟ್ಟುಕೊಂಡು ಕೂತಿತು. ಆ ಬಾಯಿಗಳ ಪೈಕಿ ಅತಿ ನಾರುವವು ನನ್ನ ಅಂಗಡಿಯ ಬೆಂಚಿಗೇ ಬಂದು ಅಂಟಿಕೊಂಡವು. ತಾಯಿ ಮೇಲಿದ್ದಾಳಲ್ಲ, ಸುದ್ದಿ ಸೋರಿದರೆ ಮೊದಲ ಹನಿ ಇಲ್ಲೇ ಬೀಳುತ್ತದೆ ಎಂಬ ಲೆಕ್ಕ.

ಅವರಲ್ಲೊಬ್ಬ ಬಸ್ ಕಂಡಕ್ಟರ್. ಇನ್ನೊಬ್ಬರು ನಿವೃತ್ತ ಲೆಕ್ಕದ ಮೇಷ್ಟ್ರು. ಸಂತೆಯಲ್ಲಿ ದಲ್ಲಾಳಿ ಎತ್ತಿನ ತುಟಿ ಎತ್ತಿ ಹಲ್ಲು ನೋಡುವುದನ್ನು ಕಂಡಿದ್ದೀರಲ್ಲ? ಆ ದಲ್ಲಾಳಿಗಾದರೂ ಎತ್ತಿನ ಮೇಲೆ ಒಂದಿಷ್ಟು ಮರ್ಯಾದೆ ಇರುತ್ತದೆ.

"ಏಣೀದು ಎಡಗಡೆ ಮಂಡಿ ಹೋಗಿದೆಯಂತೆ ಕಣ್ರೀ. ಇನ್ನೆರಡು ವರ್ಷ ಓಡಿದ್ರೆ ಹೆಚ್ಚು" ಎಂದ ಕಂಡಕ್ಟರ್. ಹಲ್ಲಿನ ಸಂದಿಯಿಂದ ಏನನ್ನೋ ಕಿತ್ತು, ಬೆಳಕಿಗೆ ಹಿಡಿದು ನೋಡಿ, ಮತ್ತೆ ಬಾಯಿಗೇ ಹಾಕಿಕೊಂಡ.

"ಹೆಂಡ್ತಿಗೆ ಸಮುದ್ರ ಅಂದ್ರೆ ಪ್ರಾಣವಂತೆ" ಎಂದರು ಮೇಷ್ಟ್ರು. "ಹಸಿರು ತಂಡದ ಊರಲ್ಲಿ ಸಮುದ್ರ ಇದೆ. ಕೂಡಿಸ್ಕೋ, ಉತ್ತರ ಬರುತ್ತೆ."

"ತಾಯಿ ಇದಾಳಲ್ಲ ಮೇಷ್ಟ್ರೇ?"

"ತಾಯಿ ಇನ್ನೆಷ್ಟು ದಿನ? ಆಕೆ ಕಣ್ಮುಚ್ಚಿದ್ರೆ ಇವನು ಗಂಟು ಕಟ್ಟಿದ ಅಂತ್ಲೇ ತಿಳ್ಕೋ."

ಈ ಮಾತು ಆಡಿದ್ದು ಆ ತಾಯಿಯ ಪಾದದಡಿಯಲ್ಲಿ. ಮೇಲೆ ಅವರು ಕೋಲೂರಿಕೊಂಡು ಒಲೆಯಿಂದ ಕಿಟಕಿಗೆ ನಡೆಯುವ ಸದ್ದು ನಮಗೆ ಕೇಳುತ್ತಿತ್ತು. ಮೇಷ್ಟ್ರು ಸೂರಿನ ಕಡೆ ನೋಡಿ, ಆ ನಡಿಗೆಯಿಂದಲೇ ಆಯುಸ್ಸು ಅಳೆಯುವವರಂತೆ ತಲೆದೂಗಿದರು. ಅವರೆದ್ದು ಹೋದ ಮೇಲೆ ಬೆಂಚಿಗೆ ಸೋಪು ಹಾಕಿ ಉಜ್ಜಿದೆ.

ನನ್ನ ಹೆಂಡತಿ ಮೂಲೆಯ ಸ್ಟೂಲಿನ ಮೇಲೆ ಕೂತು ಹುಕ್ಕು, ಗುಂಡಿ ಹಾಕುತ್ತಾಳೆ. ಸೂಜಿ ಅವಳ ಕೈಯಲ್ಲೂ ಇದೆ, ನಾಲಿಗೆಯಲ್ಲೂ ಇದೆ.

"ಅಷ್ಟು ಹೇಸಿಗೆ ಅನ್ಸಿದ್ರೆ ಅವರನ್ನ ಯಾಕ್ರೀ ಕೂರಿಸ್ಕೋತೀರಾ?"

"ಗಿರಾಕಿಗಳು ಕಣೇ."

"ಗಿರಾಕಿಗಳಾ? ಆ ಕಂಡಕ್ಟರ್ ಈ ಅಂಗಡಿಗೆ ಒಂದು ಕರವಸ್ತ್ರಾನಾದ್ರೂ ಕೊಟ್ಟಿದಾನಾ? ನೀವು ಬೊಗಳೆ ಬಿಡೋಕೆ ಕಿವಿ ಬೇಕು, ಅವನಿಗೆ ಕೂರೋಕೆ ಜಾಗ ಬೇಕು. ಇಬ್ಬರಿಗೂ ಸರಿ ಹೋಗಿದೆ."

ಹೆಂಗಸರಿಗೆ ವ್ಯಾಪಾರದ ಸೂಕ್ಷ್ಮ ಎಲ್ಲಿ ತಿಳಿಯುತ್ತದೆ?

ಇಲ್ಲಿ ಆಟದವರ ಒಂದು ಪದ್ಧತಿ ಹೇಳಬೇಕು. ಹೊಸ ತಂಡ ಸೇರುವ ಆಟಗಾರ ಸಹಿ ಹಾಕುವ ದಿನ ಹೊಸ ಕೋಟು ತೊಟ್ಟು ಬರುತ್ತಾನೆ. ಹೊರಗೆ ಕಪ್ಪೋ ಬೂದಿಯೋ, ಏನಾದರೂ ಸರಿ. ಸಹಿ ಆದ ಕೂಡಲೇ ಕ್ಯಾಮೆರಾದವರ ಮುಂದೆ ಕೋಟಿನ ಎರಡೂ ಅಂಚು ಹಿಡಿದು ರೆಕ್ಕೆಯಂತೆ ಬಿಚ್ಚುತ್ತಾನೆ. ಒಳಗಿನ ಲೈನಿಂಗು ಹೊಸ ತಂಡದ ಬಣ್ಣ. ಏಣಿಯ ಸಹಿ ಶನಿವಾರಕ್ಕೆ ನಿಗದಿಯಾಗಿತ್ತು, ಹಾಗಾಗಿ ಆ ವಾರವೆಲ್ಲ ಅಭಿಮಾನಿಗಳ ಕಣ್ಣು ಆಟಗಾರನಿಗಿಂತ ಟೈಲರುಗಳ ಮೇಲೆ. ಏಣಿಯ ಬಟ್ಟೆಯೆಲ್ಲ ಹೊಲಿಯುವವನು ನಾನೇ ಎಂದು ನಾನು ಹೇಳುತ್ತ ಬಂದದ್ದು ಊರಿಗೇ ಗೊತ್ತಿತ್ತು.

ಒಂದು ಮಧ್ಯಾಹ್ನ ನನ್ನ ಮೇಜಿನ ಮೇಲೆ ಹಸಿರು ಬಟ್ಟೆ ಹರಡಿತ್ತು. ನೀರು ಬಿದ್ದರೆ ಜಾರಿಹೋಗುವಂಥ, ಗಿಳಿಯ ಬೆನ್ನಿನಂತೆ ಹೊಳೆಯುವ ಹಸಿರು. ಮೇಜಿನ ಈ ತುದಿಯಿಂದ ಹೊರಟು ಆ ತುದಿಯಾಚೆ ನೆಲ ಮುಟ್ಟಿತ್ತು. ಒಳಬಂದ ಕಂಡಕ್ಟರನ ಕಾಲು ಹೊಸ್ತಿಲಲ್ಲೇ ನಿಂತಿತು.

"ಏನ್ರೀ ಟೈಲರ್ ಸಾಹೇಬ್ರೇ ಇದು?"

"ಬಟ್ಟೆ."

"ಬಟ್ಟೆ ಅಂತ ಕುರುಡನಿಗೂ ಗೊತ್ತಾಗುತ್ತೆ. ಯಾರದು?"

ನಾನು ತುಟಿ ಬಿಚ್ಚಲಿಲ್ಲ. ಆದರೆ ಬಾಯಿ ಮುಚ್ಚಿಕೊಂಡೇ ಇಡೀ ಊರಿಗೆ ಡಂಗುರ ಸಾರುವ ವಿದ್ಯೆ ನನ್ನಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ. ಬಟ್ಟೆಯನ್ನು ಅವಸರವಾಗಿ ಸುತ್ತಿದೆ. ಹಾಗೆ ಸುತ್ತುವಾಗ ಉದ್ದ ಪೂರ್ತಿ ಕಾಣುವಂತೆ ನೋಡಿಕೊಂಡೆ. ಆಮೇಲೆ ಮೇಲಿನ ಮಹಡಿಯ ಕಡೆ ಒಮ್ಮೆ ಕಣ್ಣು ಹೊರಳಿಸಿ ಕೆಮ್ಮಿದೆ.

ಹಿಂದೆಯೇ ಬಂದ ಮೇಷ್ಟ್ರು ಬೆರಳು ಮಡಚತೊಡಗಿದರು. "ಇಷ್ಟುದ್ದದ ಮನುಷ್ಯ ಊರಲ್ಲಿ ಒಬ್ಬನೇ. ಬಣ್ಣ ಹಸಿರು. ಟೈಲರ್ ಇವರು. ಇನ್ನೇನು ಉಳೀತು ಶೇಷ? ಸೊನ್ನೆ!"

ನಿಮಗೆ ಗೊತ್ತಿರಲಿ, ಹಸಿರು ತಂಡಕ್ಕೂ ನಮ್ಮೂರಿಗೂ ಹಾವು ಮುಂಗುಸಿ ವೈರ. ಸಂಜೆಯೊಳಗೆ ಸುದ್ದಿ ಬೀದಿಬೀದಿ ಸುತ್ತಿತು. ಅಲ್ಲಿಯವರೆಗೆ ಏಣಿಯ ಚಿತ್ರವನ್ನು ಎದೆಯ ಮೇಲೆ ಹೊತ್ತು ತಿರುಗಿದವರೇ ಕೊಳೆತ ಮೊಟ್ಟೆಯ ಟ್ರೇ ಹೊತ್ತು ಬಂದರು. ಮೆಟ್ಟಿಲ ಮೇಲೆ ಎಸೆದರು. ಕೈಹಿಡಿಯುವ ಕಂಬಿಗೆ ಉಗಿದರು. ಮಂಡಿನೋವಿನ ಮುದುಕಿ ಹಿಡಿದು ಇಳಿಯುವ ಕಂಬಿಗೆ, ಕಫ ಸಮೇತ! ಅವನ ಹೆಸರಿನ ಕೆಂಪು ಬನಿಯನ್ನನ್ನು ಮೀನು ತೊಳೆದ ನೀರಲ್ಲಿ ಅದ್ದಿ ಮಹಡಿಯಮ್ಮನ ಬಾಗಿಲ ಚಿಲಕಕ್ಕೆ ಕಟ್ಟಿದರು. ಅದರಿಂದ ತೊಟ್ಟಿಕ್ಕಿದ್ದು ಹೊಸ್ತಿಲ ಕೆಳಗಿಂದ ಒಳಗೆ ಹೋಯಿತು. ಒಬ್ಬ ಮೆಟ್ಟಿಲ ಮೂಲೆಯಲ್ಲಿ ನಿಂತು ಉಚ್ಚೆ ಹೊಯ್ದ. ಮಾಡುವಾಗ ತಂಡದ ಹಾಡು ಬೇರೆ ಹಾಡುತ್ತಿದ್ದ. ಆ ನಾತ ಹೇಗಿತ್ತೆಂದರೆ, ನನ್ನ ಅಂಗಡಿಯ ಸೂಜಿಗಳೆಲ್ಲ ತುಕ್ಕು ಹಿಡಿದವು, ಗೋಡೆಯ ಗಡಿಯಾರ ಮೂಗು ಮುಚ್ಚಿಕೊಂಡು ನಿಂತೇಬಿಟ್ಟಿತು.

ಆಗ ನಾನೆದ್ದೆ ನೋಡಿ! ದೊಡ್ಡ ಕತ್ತರಿ ಹಿಡಿದು ಮೆಟ್ಟಿಲ ಮಧ್ಯೆ ನಿಂತೆ. ಎದುರಿಗೆ ಹತ್ತು ಸಾವಿರ ಜನ.

"ಹತ್ತು ಸಾವಿರ? ನಮ್ಮ ಮೆಟ್ಟಿಲ ಮೇಲೆ?" ಎಂದಳು, ನಾನು ಹೇಳುತ್ತಿರುವುದನ್ನು ಮೂಲೆಯಲ್ಲಿ ಕೂತು ಕೇಳುತ್ತಿದ್ದ ಹೆಂಡತಿ.

ಸರಿ, ಐದು ಸಾವಿರ. "ತಾಯಿ ಇರೋ ಮನೆ ಕಣ್ರೋ ಇದು, ನಾಚಿಕೆಯಾಗಲ್ವಾ?" ಎಂದು ಗುಡುಗಿದೆ. ಗುಡುಗಿಗೆ ಎದುರು ಮನೆಯ ಕಿಟಕಿ ಗಾಜು ಒಡೆಯಿತು. ಕಂಡಕ್ಟರ್ ಅತ್ತ, ಮೇಷ್ಟ್ರು ಇತ್ತ ಬಿದ್ದಂಬೀಳ ಓಡಿದರು. ಮಹಡಿಯಮ್ಮ ಕಿಟಕಿಯಿಂದ ಬಗ್ಗಿ, "ನೀನಿರೋವರೆಗೂ ನಾನು ಈ ಮನೆ ಬಿಡಲ್ಲ ತಮ್ಮಾ" ಎಂದರು. ಇವತ್ತಿಗೂ ಮೇಲೆಯೇ ಇದ್ದಾರೆ.

"ಇದಾರಾ?" ಹೆಂಡತಿ ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟಳು. "ಹಾಗಾದ್ರೆ ಒಂದ್ಸಲ ಹಗ್ಗ ಜಗ್ಗಿ ನೋಡೋಣ."

ಹಗ್ಗ ಬಾಗಿಲ ಪಕ್ಕದಲ್ಲೇ ನೇತಾಡುತ್ತಿದೆ. ಮೇಲಿನ ಕಿಟಕಿಯ ಸರಳಿಗೆ ಕಟ್ಟಿದ ಗಂಟು ಹಾಗೆಯೇ ಇದೆ.

"ಜಗ್ಗಿ ಅಂದ್ನಲ್ಲ. ಯಾಕ್ರೀ, ಕೈ ಬರ್ತಿಲ್ವಾ?"

ಬರುವುದಿಲ್ಲ. ಜಗ್ಗಿದರೆ ಓಗೊಡಲು ಮೇಲೆ ಯಾರೂ ಇಲ್ಲ.

ಸರಿ, ಸಿಕ್ಕಿಬಿದ್ದೆ. ಇನ್ನು ನಡೆದದ್ದು ನಡೆದ ಹಾಗೆ.

ಅವರು ಬಂದಾಗ ನಾನು ಕತ್ತರಿಸುವ ಮೇಜಿನ ಕೆಳಗಿದ್ದೆ. ಬಂದವರು ಒಂದು ಬಸ್ಸೂ ತುಂಬದಷ್ಟು ಜನ. ಮೆಟ್ಟಿಲ ಮೇಲೆ ನಿಂತು ಕೂಗಾಡಿದ್ದು ಇವಳು, ಪೊರಕೆ ಹಿಡಿದು. ಗಾಜು ಗೀಜು ಏನೂ ಒಡೆಯಲಿಲ್ಲ. ಒಂದು ಮೊಟ್ಟೆ ಇವಳ ಭುಜಕ್ಕೆ ಬಿತ್ತು. ಅದಕ್ಕೂ ಮುಂಚೆ ಕಂಡಕ್ಟರ್ ಮೊಟ್ಟೆಯ ಟ್ರೇ ಸಮೇತ ಅಂಗಡಿಗೇ ಬಂದು, "ಇನ್ನೊಂದ್ಸಲ ಕೇಳ್ತೀನಿ, ಖಂಡಿತಾನಾ?" ಎಂದಿದ್ದ. ಟ್ರೇ ಕಣ್ಣೆದುರಿಗೇ ಇತ್ತು, ನಾತ ಮೂಗಿಗೆ ಹೊಡೆಯುತ್ತಿತ್ತು. ಇಲ್ಲ ಎನ್ನಲು ಅದೇ ಸಮಯ. ನಾನು ಹುಬ್ಬು ಹಾರಿಸಿ, "ಶನಿವಾರ ಕೋಟು ಬಿಚ್ಚಿದಾಗ ನೀವೇ ನೋಡ್ತೀರಿ" ಎಂದೆ.

ಬೆಳಿಗ್ಗೆ ಏಣಿ ಬಂದ. ನಮ್ಮ ಬಾಗಿಲಿಗೆ ಸೊಂಟದವರೆಗೆ ಬಗ್ಗಿ ಒಳಗೆ ತಲೆ ಹಾಕಿದ. ಅಷ್ಟು ಹತ್ತಿರದಿಂದ ಅವನನ್ನು ನಾನು ನೋಡಿದ್ದು ಅದೇ ಮೊದಲು. ಬೈಯುತ್ತಾನೆ ಅಂದುಕೊಂಡೆ. ಅವನು ಕೈ ಮುಗಿದ.

"ಅಣ್ಣಾ, ಇಷ್ಟು ವರ್ಷ ಅಮ್ಮನ್ನ ನೋಡ್ಕೊಂಡ್ರಿ. ದೊಡ್ಡ ಉಪಕಾರ ಆಯ್ತು. ಕರ್ಕೊಂಡು ಹೋಗೋಕೆ ಬಂದೆ. ನಾನು ಕೆಂಪು ತಂಡದಲ್ಲೇ ಉಳಿಯೋಣ ಅಂತಿದ್ದೆ, ಅವರು ಈ ಮನೆ ಬಿಡಲ್ವಲ್ಲಾ ಅಂತ. ನಿನ್ನೆ ಸಂಜೆ ಅವರೇ ಫೋನ್ ಮಾಡಿ ಅತ್ತರು, ಕರ್ಕೊಂಡು ಹೋಗಿಬಿಡಪ್ಪಾ ಅಂತ."

ಎದುರು ಕಟ್ಟೆಯಲ್ಲಿ ಕಂಡಕ್ಟರ್, ಮೇಷ್ಟ್ರು ನಿಂತಿದ್ದರು. ಕಣ್ಣಿಗೆ ಬೀಳುವುದು ಏನೂ ತಪ್ಪಬಾರದಲ್ಲ. ಆಗಲೇ ಬಂದರು ನೋಡಿ, ಮೂಲೆ ಕ್ಲಿನಿಕ್ಕಿನ ಹಲ್ಲಿನ ಡಾಕ್ಟರಮ್ಮ.

"ಟೈಲರ್, ನನ್ನ ಕುರ್ಚಿ ಗವಸು ಆಯ್ತಾ? ಪೇಷಂಟ್ ಕಾಯ್ತಿದಾರೆ."

ಹೆಂಡತಿ ನನ್ನ ಮುಖ ನೋಡಲೂ ಇಲ್ಲ. ಸೀದಾ ಎದ್ದು ಹಸಿರು ಬಟ್ಟೆ ತಂದು ಮೇಜಿನ ಮೇಲೆ ಕೊಡವಿದಳು. ಹಲ್ಲು ಕೀಳಿಸಿಕೊಳ್ಳುವವರು ಅಂಗಾತ ಮಲಗುವ ಕುರ್ಚಿ, ತಲೆಯಿಂದ ಪಾದದವರೆಗೆ ಒಂದೇ ಗವಸು. ರಕ್ತ, ಎಂಜಲು ಬಿದ್ದರೆ ಒರೆಸಲು ಅನುಕೂಲವಾಗಲಿ ಎಂದು ಜಾರುವ ಬಟ್ಟೆ. ತಲೆಯ ಕಡೆ ಇಲಾಸ್ಟಿಕ್ಕು ಕೂಡ ಹಾಕಿಯಾಗಿತ್ತು.

ಏಣಿ ಗವಸನ್ನು ನೋಡಿದ. ಬೀದಿಯಲ್ಲಿ ನಿಂತವರನ್ನು ನೋಡಿದ. ಆಮೇಲೆ ನನ್ನನ್ನು.

"ನಾನೇ" ಎಂದೆ. "ನಿನ್ನ ಕೋಟಿನ ಲೈನಿಂಗ್ ಅಂತ ಅವರು ಅಂದ್ಕೊಂಡ್ರು. ನಾನು ಅಂದ್ಕೊಳ್ಳೋ ಹಾಗೆ ಮಾಡ್ದೆ."

ಮೊಟ್ಟೆ ಹೊಡೆದ ಕೈಗಳನ್ನು ಈಗಲಾದರೂ ನೋಡಿಕೊಳ್ಳುತ್ತಾರೆ ಎಂದು ಕಾದೆ. ಕಂಡಕ್ಟರ್ ಮೇಷ್ಟ್ರ ಕಡೆ ತಿರುಗಿದ.

"ಹಾಗಾದ್ರೆ ನೀಲಿ ತಂಡಾನಾ ಮೇಷ್ಟ್ರೇ?"

ಮೇಷ್ಟ್ರು ಆಗಲೇ ಬೆರಳು ಮಡಚುತ್ತಿದ್ದರು.

ಬೆಂಚಿಗೆ ಸೋಪು ಹಾಕಿದ್ದು ನೆನಪಾಯಿತು. ಆದರೆ ಈ ಸಲ ಉಜ್ಜಿದರೆ ಹೋಗುವ ಕೊಳೆ ಅದಲ್ಲ. ಕೊಳೆತದ್ದನ್ನು ತಿನ್ನುವವರು ಅವರು, ಬಡಿಸಿದವನು ನಾನು.

ಏಣಿ ಮೇಲೆ ಹೋಗಿ ತಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಇಳಿದ. ಇವಳು ಎಷ್ಟೇ ತೊಳೆದಿದ್ದರೂ ಮೆಟ್ಟಿಲು ಇನ್ನೂ ನಾರುತ್ತಿತ್ತು. ಮಹಡಿಯಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು. ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ, ನನ್ನ ಬಾಗಿಲೆದುರು ಬಂದಾಗ ಸೆರಗು ತೆಗೆದರು.

"ಅಷ್ಟು ಆಸೆ ಇದ್ದಿದ್ರೆ ಒಂದು ಮಾತು ಕೇಳ್ಬಾರ್ದಿತ್ತಾ ತಮ್ಮಾ? ಇವನದೇ ಒಂದು ಹಳೇ ಕೋಟು ಬುಟ್ಟೀಲಿ ಇಳಿಸ್ತಿದ್ನಲ್ಲೋ. ತೋಳೋ ಜೇಬೋ ಏನಾದ್ರೂ ಹೊಲಿದು, ನಾನೇ ಹೊಲಿದಿದ್ದು ಅಂತ ನೀನು ಹೇಳ್ಕೊಂಡಿರ್ಬಹುದಿತ್ತು."

ಆ ಶನಿವಾರ ಅವನು ದೂರದ ಊರಿನ ಬಿಳಿ ತಂಡಕ್ಕೆ ಸಹಿ ಹಾಕಿದ. ಆ ಬಣ್ಣ ಯಾರ ಬಾಯಲ್ಲೂ ಬಂದಿರಲಿಲ್ಲ.

"ಮುಗೀತಾ?" ಎನ್ನುತ್ತಿದ್ದಾಳೆ ಇವಳು, ಸೂಜಿಗೆ ದಾರ ಪೋಣಿಸುತ್ತ. "ಇನ್ನೂ ಒಂದು ಉಳೀತಲ್ಲ?"

ಹೌದು, ಉಳಿದಿದೆ. ಬಿಸಿಲು ಮಳೆಯ ಆ ಪ್ಯಾಂಟನ್ನು ನಾನು ಹೊಲಿದಿಲ್ಲ. ಏಣಿಯ ಮೈಗೆ ನನ್ನ ಟೇಪು ಒಂದು ಸಲವೂ ತಾಗಿಲ್ಲ. ಬುಟ್ಟಿಯಲ್ಲಿ ಇಳಿದ ಸ್ವೆಟರಿಗೆ ಗುಂಡಿ ಹಾಕಿದ್ದೂ ನಾನಲ್ಲ, ಇವಳೇ. ನಾನು ಹಗ್ಗ ಜಗ್ಗುತ್ತಿದ್ದೆ, ಅಷ್ಟೇ.